ಕಾಕನಕೋಟೆಯ ಮೆಂತ್ಯದ ಉಂಡೆ

ಮೆಂತ್ಯ ಹುರಿಯುವ ವಾಸನೆ ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಮನೆಯಲ್ಲಿ ಬಾಣಂತಿ ಇದ್ದರೆ ಇದೊಂದು ರಗಳೆ. ಹೋದ ತಿಂಗಳು ತಮ್ಮನ ಸೊಸೆಗೆ ಹೆರಿಗೆಯಾಯಿತು. ಅಡುಗೆಮನೆಯಲ್ಲಿ ಮೆಂತ್ಯ ಹುರಿದು ಕುಟ್ಟಿ, ಬೆಲ್ಲದ ಪಾಕಕ್ಕೆ ಹಾಕಿ ಉಂಡೆ ಕಟ್ಟುತ್ತಿದ್ದರು. ನಾನು ಕೋಲು ಹಿಡಿದು ಜಗಲಿಗೆ ಬಂದು ಕೂತೆ. ಅತ್ತೆಗೆ ಕಹಿ ಅಂದರೆ ಆಗದು ಎಂದು ಒಳಗೆ ನಗುವುದು ಕೇಳಿಸಿತು. ನಗಲಿ. ಆಯುಸ್ಸೆಲ್ಲ ಊರ ಜನಕ್ಕೆ ಕ್ವಿನೈನ್ ಕುಡಿಸಿದವಳಿಗೆ ಕಹಿ ಆಗದಂತೆ!

ಆ ವಾಸನೆ ನನ್ನನ್ನು ಎಳೆದೊಯ್ಯುವ ಜಾಗ ಈಗ ಇಲ್ಲ. ಕಾಕನಕೋಟೆಯ ಕಾಡಿನಲ್ಲಿ ಹೊಳೆಯ ದಂಡೆಗಿದ್ದ ಆ ಬಯಲು ಅಣೆಕಟ್ಟಿನ ನೀರಿನಡಿ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಬೋಳು ಮರದ ಮೋಟುಗಳು ಕಾಣುತ್ತವೆ ಅನ್ನುತ್ತಾರೆ. ನಾನು ನೋಡಲು ಹೋಗಿಲ್ಲ. ನನ್ನ ಕಣ್ಣಿಗೆ ಅಲ್ಲಿ ಇನ್ನೂ ಬಿದಿರಿನ ಗುಡಿಸಲುಗಳ ಸಾಲಿದೆ, ಬೆಳಗಿನ ಮಂಜಿನಲ್ಲಿ ಸರಪಳಿಯ ಸದ್ದಿದೆ.

ಅದು ಮಹಾರಾಜರ ಆಳ್ವಿಕೆಯ ಕಾಲ. ನಾನು ಸಾಲಿಗ್ರಾಮದ ಕಡೆಯ ಒಕ್ಕಲು ಮನೆಯವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಅಪ್ಪ ಧೈರ್ಯ ಮಾಡಿ ಕಳಿಸಿದ್ದರಿಂದ ಮೈಸೂರಿನಲ್ಲಿ ನರ್ಸ್ ಕೆಲಸ ಕಲಿತು, ಹುಣಸೂರಿನಲ್ಲಿ ಕೆಲಸಕ್ಕಿದ್ದೆ. ಆ ಚಳಿಗಾಲ ಕಾಕನಕೋಟೆಯಲ್ಲಿ ಖೆಡ್ಡಾ ನಡೆಯಿತು. ಖೆಡ್ಡಾ ಎಂದರೆ ಕಾಡಾನೆಗಳ ಹಿಂಡನ್ನು ತಮಟೆ, ಪಂಜುಗಳಿಂದ ಬೆದರಿಸುತ್ತ ಹೊಳೆ ದಾಟಿಸಿ, ಮರದ ದಿಮ್ಮಿಗಳ ಬೇಲಿಯೊಳಗೆ ಕೂಡಿಹಾಕುವುದು. ಅದಕ್ಕೆ ಪಳಗಿದ ಆನೆಗಳು ಬೇಕು, ಮಾವುತರು ಬೇಕು, ನೂರಾರು ಕೂಲಿಗಳು ಬೇಕು. ಅಷ್ಟು ಜನ ಸೇರಿದ ಕಡೆ ಒಂದು ಔಷಧಿ ಡೇರೆಯೂ ಬೇಕು. ಒಬ್ಬರು ಡಾಕ್ಟರು, ಜೊತೆಗೆ ನಾನು.

ಡೇರೆಯ ಮುಂದೆ ದಿನವೂ ಜ್ವರದವರ ಸಾಲು. ಮಧ್ಯಾಹ್ನ ಕೈ ಬಿಡುವಾದರೆ ಮಾವುತರ ಗುಡಿಸಲ ಕಡೆ ಹೋಗುತ್ತಿದ್ದೆ. ಅಲ್ಲಿದ್ದವರಲ್ಲಿ ಹೆಚ್ಚಿನವರು ಹುಣಸೂರಿನ ಮುಸಲ್ಮಾನರು. ಅವರ ಪೈಕಿ ಅಮೀನಾಬಿ ನನಗೆ ಬೇಗ ಆತ್ಮೀಯಳಾದಳು. ದೊಡ್ಡ ದನಿ, ದೊಡ್ಡ ಕೈ, ಬಾಯಿ ತೆರೆದರೆ ಬೈಗುಳ. ಅವಳ ಮಗ ಖಾದರ್ ಚಂಪಾ ಎಂಬ ಹೆಣ್ಣಾನೆಯ ಮಾವುತ. ಅವನಿಗೆ ಆಗಷ್ಟೆ ಮದುವೆಯಾಗಿತ್ತು. ಹುಡುಗಿಯ ಹೆಸರು ಮೈಮೂನಾ, ಪಿರಿಯಾಪಟ್ಟಣದ ಬಳೆ ವ್ಯಾಪಾರಿಯ ಮಗಳು. ಕಾಡು ಕಂಡವಳಲ್ಲ, ಆನೆ ಕಂಡರೆ ನಡುಗುವವಳು. ಅತ್ತೆ ಕಂಡರೆ ಅದಕ್ಕಿಂತ ಹೆಚ್ಚು.

"ಊಟ ಮಾಡಾಕಿಲ್ಲ, ಹಪ್ಪಳದಂಗವ್ಳೆ. ನಾಳೆ ಬಸುರಿಯಾದ್ರೆ ಈ ಸೊಂಟ ತಡೀತದಾ ನರ್ಸಮ್ಮ?" ಎಂದು ಅಮೀನಾಬಿ ನನ್ನ ಮುಂದೆಯೇ ಸೊಸೆಯ ಸೊಂಟ ತಟ್ಟಿ ತೋರಿಸುತ್ತಿದ್ದಳು. ಹುಡುಗಿ ನಾಚಿ ತಲೆ ತಗ್ಗಿಸುತ್ತಿದ್ದಳು. ಅಮೀನಾಬಿಯ ಪ್ರೀತಿ ಹೊರಗೆ ಬರುತ್ತಿದ್ದ ದಾರಿಯೇ ಅದು. ಸೊಂಟಕ್ಕೆ ಬಲ ಬರಲಿ ಎಂದು ಮೆಂತ್ಯದ ಉಂಡೆ ಕಟ್ಟಿ, ದಿನಕ್ಕೊಂದನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಸೊಸೆಗೆಂದು ಗೋಡೆಗೆ ಕಟ್ಟಿದ ಬಿದಿರಿನ ಗೂಡಿನಲ್ಲಿ ಇಡುತ್ತಿದ್ದಳು. ಮೈಮೂನಾ ಮೂಗು ಹಿಡಿದುಕೊಂಡು ನುಂಗುತ್ತಿದ್ದಳು. ಒಮ್ಮೆಯೂ ಬೇಡ ಅನ್ನಲಿಲ್ಲ.

ಅಫೀಮು ಆ ಕ್ಯಾಂಪಿನಲ್ಲಿ ಬೆಲ್ಲ, ಉಪ್ಪಿನ ಹಾಗೆ ಬಳಕೆಯ ವಸ್ತು. ತಮಟೆಯ ಸದ್ದಿಗೆ, ಬೆಂಕಿಗೆ ಆನೆ ಬೆದರಬಾರದೆಂದು ಅದಕ್ಕೆ ಕೊಡುತ್ತಿದ್ದರು. ಮಾವುತ ರಾತ್ರಿಯೇ ಅಫೀಮನ್ನು ಬೆಲ್ಲದಲ್ಲಿ ಮಿದ್ದು ಉಂಡೆ ಮಾಡಿಟ್ಟು, ಬೆಳಿಗ್ಗೆ ಅದನ್ನು ದೊಡ್ಡ ರಾಗಿಮುದ್ದೆಯ ನಡುವೆ ಹುದುಗಿಸಿ ಆನೆಯ ಬಾಯಿಗೆ ಇಡುತ್ತಿದ್ದ. ಮಾವುತರೂ ಮೈಕೈ ನೋವಿಗೆ ಕಡಲೆಕಾಳಿನಷ್ಟು ಹಾಕಿಕೊಳ್ಳುತ್ತಿದ್ದರು. ಖಾದರನೂ ಹೊರತಲ್ಲ. ಅದು ವಿಷ ಎಂದು ನಾನು ಹೇಳಿದರೆ ನಕ್ಕು, "ಆನೆಗೇ ಏನೂ ಆಗಾಕಿಲ್ಲ, ನಂಗೇನಾದಾತು?" ಅನ್ನುತ್ತಿದ್ದ.

ಆ ವರ್ಷ ರಂಜಾನ್ ಚಳಿಯಲ್ಲೇ ಬಂತು. ಮಾವುತರ ಗುಡಿಸಲುಗಳಲ್ಲಿ ಬೆಳಕು ಹರಿಯುವ ಮೊದಲೇ ಒಲೆ ಉರಿದು, ಸಹರಿ ಊಟ ಮುಗಿದು, ಸಂಜೆಯವರೆಗೆ ತೊಟ್ಟು ನೀರೂ ಇಲ್ಲದ ರೋಜಾ ಉಪವಾಸ ಶುರುವಾಗುತ್ತಿತ್ತು. ಹಿಂಡನ್ನು ಹೊಳೆ ದಾಟಿಸುವ ದಿನ ಗೊತ್ತಾಯಿತು. ಅದರ ಹಿಂದಿನ ಸಂಜೆ ಖಾದರ್ ಚಂಪಾಳ ಉಂಡೆ ಮಾಡಿ, ಕೈಗೆ ಸಿಕ್ಕ ಮುತ್ತುಗದ ಎಲೆಯಲ್ಲಿ ಸುತ್ತಿ, ಇಲಿ ಮುಟ್ಟದಿರಲೆಂದು ಅದೇ ಗೂಡಿನಲ್ಲಿಟ್ಟ. ಪಕ್ಕದಲ್ಲಿ ತಾಯಿ ಇಟ್ಟ ಮೆಂತ್ಯದ ಉಂಡೆಯಿತ್ತು. ಎರಡೂ ಒಂದೇ ಗಾತ್ರ, ಒಂದೇ ಬಣ್ಣ. ಕತ್ತಲಲ್ಲಿ ಎದ್ದು ಅವಸರವಾಗಿ ಉಂಡು ಹೊರಟವನು ಕೈಯಾಡಿಸಿ ಒಂದು ಎಲೆಪೊಟ್ಟಣ ತೆಗೆದುಕೊಂಡು ಹೋದ. ಆಮೇಲೆ ಮೈಮೂನಾ ಉಳಿದದ್ದನ್ನು ತೆಗೆದಳು. ಕಹಿ ಇತ್ತು. ಮೆಂತ್ಯದ ಉಂಡೆ ಕಹಿಯಾಗದೆ ಇನ್ನೇನು? ಅತ್ತೆ ಪಕ್ಕದಲ್ಲೇ ಕೂತಿದ್ದಳು. ಅರ್ಧ ಹೇಗೋ ನುಂಗಿದಳು. ಇನ್ನರ್ಧವನ್ನು ಅತ್ತೆ ಆಚೆ ತಿರುಗಿದಾಗ ಎಲೆಯಲ್ಲೇ ಮಡಚಿ ಚಾಪೆಯ ಕೆಳಗೆ ತೂರಿಸಿದಳು. ಬಾಳಿನಲ್ಲಿ ಅವಳು ಅತ್ತೆಗೆ ಮಾಡಿದ ಮೊದಲ ಮೋಸ ಅದು. ಅವಳನ್ನು ಉಳಿಸಿಕೊಳ್ಳಲು ನಮಗೆ ಸಿಕ್ಕ ಮೊದಲ ಆಸರೆಯೂ ಅದೇ.

ನಮಾಜು ಮುಗಿಸಿ ಮಲಗಿದ ಸೊಸೆಯನ್ನು ಅಮೀನಾಬಿ ಎಬ್ಬಿಸಲಿಲ್ಲ. ಉಪವಾಸದ ಹೆಣ್ಣು, ಮಲಗಲಿ ಎಂದುಕೊಂಡಳು. ಒಮ್ಮೆ ಕೂಗಿದಾಗ ಊಂ ಎಂದಳಂತೆ. ಬಿಸಿಲು ಏರಿದ ಮೇಲೆ ಕೂಗಿದರೆ ಊಂ ಅನ್ನಲೂ ಇಲ್ಲ. ಗೊರಕೆ ಮಾತ್ರ ವಿಚಿತ್ರವಾಗಿತ್ತು.

ನಾನು ಓಡಿ ಬಂದಾಗ ಗುಡಿಸಲ ಮುಂದೆ ಹೆಂಗಸರು ಗುಂಪು ಕಟ್ಟಿದ್ದರು. ಇಬ್ಬರು ಮೈಮೂನಾಳ ರಟ್ಟೆ ಹಿಡಿದು ನಡೆಸುತ್ತಿದ್ದರು. ನಡೆಸುವುದೆಲ್ಲಿ ಬಂತು, ಕಾಲು ನೆಲದ ಮೇಲೆ ಗೆರೆ ಎಳೆಯುತ್ತಿತ್ತು. ಅಮೀನಾಬಿ ಒದ್ದೆ ಬಟ್ಟೆಯಿಂದ ಅವಳ ಕೆನ್ನೆಗೆ ಬಡಿಯುತ್ತಿದ್ದಳು.

"ಗಾಳಿ ಮೆಟ್ಕಂಡೈತೆ ನರ್ಸಮ್ಮ, ಏಳ್ತಾನೇ ಇಲ್ಲ!"

ನಾನು ಕಣ್ಣ ರೆಪ್ಪೆ ಬಿಡಿಸಿ ನೋಡಿದೆ. ಕಣ್ಣಿನ ನಡುವಿನ ಕಪ್ಪು ಸೂಜಿಮೊನೆಯಷ್ಟಾಗಿತ್ತು. ತುಟಿ ನೇರಳೆ ಹಣ್ಣು ತಿಂದವರಂತೆ. ಹಣೆಯಲ್ಲಿ ತಣ್ಣಗಿನ ಬೆವರು. ಎದೆಯ ಮೇಲೆ ಕೈಯಿಟ್ಟರೆ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಇನ್ನು ಬರುವುದೇ ಇಲ್ಲವೇನೋ ಅನ್ನುವಷ್ಟು ಹೊತ್ತು. ಇದು ಗಾಳಿಯಲ್ಲ, ಅಫೀಮು ಎಂದು ನನಗೆ ತಿಳಿಯಿತು.

"ಏನು ತಿಂದ್ಲು ಇವ್ಳು?"

"ಎಲ್ರೂ ತಿಂದದ್ದೇ. ಆಮೇಲೆ ನನ್ನ ಮೆಂತ್ಯದ ಉಂಡೆ, ಅಷ್ಟೇಯ."

ಕಾಡುಕುರುಬರ ಮಾದಿ, ಆನೆಗಳಿಗೆ ಸೊಪ್ಪು ತರುವವನ ಹೆಂಡತಿ, ಒಳಗೆ ಹೋಗಿ ಚಾಪೆ ಕೊಡವಿದಳು. ಎಲೆಪೊಟ್ಟಣ ಬಿತ್ತು. ನಾನು ಮುರಿದು ಮೂಸಿ ಅಮೀನಾಬಿಯ ಮೂಗಿಗೆ ಹಿಡಿದೆ. ಆ ದೊಡ್ಡ ಹೆಂಗಸಿನ ಮುಖದಲ್ಲಿ ರಕ್ತವೇ ಇಳಿದುಹೋಯಿತು. "ಚಂಪಾದು" ಎಂದಳು, ಅಷ್ಟೆ. ಆಮೇಲೆ ನೆಲಕ್ಕೆ ಕುಸಿದಳು.

ಡಾಕ್ಟರು ಖೆಡ್ಡಾ ನೋಡಲು ಬಂದ ಅತಿಥಿಗಳ ಜೊತೆ ಹೊಳೆಯ ಆಚೆ ದಡದಲ್ಲಿದ್ದರು. ಹಿಂಡು ನೀರಿಗಿಳಿಯುವ ದಿನ ಯಾರೂ ಹೊಳೆ ದಾಟುವ ಹಾಗಿಲ್ಲ. ಒಂದು ಹರಿಗೋಲು ಕಂಡರೂ ಆನೆಗಳು ತಿರುಗಿ ಜನರ ಮೇಲೆ ಬೀಳುತ್ತವೆ. ಗಂಡಸರೆಲ್ಲ ಅಲ್ಲೇ. ಖಾದರನೂ ಅಲ್ಲೇ. ದೂರದಲ್ಲಿ ತಮಟೆ ಶುರುವಾಗಿತ್ತು. ನನಗೆ ಹೆರಿಗೆ ಗೊತ್ತು, ಹುಣ್ಣು ಗೊತ್ತು, ಇಂಥದ್ದನ್ನು ಡಾಕ್ಟರರ ಬೆನ್ನ ಹಿಂದೆ ನಿಂತು ನೋಡಿದ್ದೆನೇ ಹೊರತು ಒಬ್ಬಳೇ ಕೈಯಿಟ್ಟವಳಲ್ಲ. ಈ ಹುಡುಗಿ ಬದುಕಿದರೂ ಸತ್ತರೂ ಅದು ಈ ಗುಡಿಸಲ ಮುಂದೆ, ಈ ಹೆಂಗಸರ ಕೈಯಲ್ಲೇ ಎಂದು ಮನಸ್ಸಿಗೆ ಬಂದಾಗ ದೇವರ ಮೇಲೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ಕೈ ನಡುಗುವುದಿಲ್ಲ. ಅದೊಂದು ಪುಣ್ಯ.

"ನಡೆಸೋದು ಬುಡಿ! ತೂಕಡಿಸೋರ್ನ ನಡೆಸ್ಬೌದು, ಉಸುರೇ ಆಡ್ದೋರ್ನ ನಡೆಸುದ್ರೆ ದಾರೀಲೇ ಹೋಯ್ತಾಳೆ. ಮಲಗ್ಸಿ ಇಲ್ಲಿ" ಎಂದು ಕೂಗಿದೆ.

ಡೇರೆಯಿಂದ ರಬ್ಬರಿನ ಕೊಳವೆ ತರಿಸಿದೆ. ಬಾವಿಗೆ ಹಾಕುವ ಕೆಂಪು ಪುಡಿಯನ್ನು ತಿಳಿಗುಲಾಬಿ ಬಣ್ಣ ಬರುವಷ್ಟು ನೀರಿಗೆ ಹಾಕಿ, ಅವಳನ್ನು ಮಗ್ಗುಲಾಗಿ ತಲೆ ತಗ್ಗಿಸಿ ಮಲಗಿಸಿ, ಕೊಳವೆಯನ್ನು ಹೊಟ್ಟೆಯವರೆಗೆ ಇಳಿಸಬೇಕು. ನೀರು ಸುರಿದು ಹೊರಗೆ ತೆಗೆಯಬೇಕು, ಮತ್ತೆ ಸುರಿಯಬೇಕು. ನೆಲದ ಮೇಲಿದ್ದ ಅಮೀನಾಬಿ ತಲೆಯೆತ್ತಿ, "ರೋಜಾ ಅವ್ಳೆ ನರ್ಸಮ್ಮ, ಗಂಟ್ಲಿಗೆ ನೀರು" ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಎದ್ದು ಬಂದು ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ರೋಜಾ ಇನ್ನೊಂದಿನ ಇಟ್ಕಂಡಾಳು. ಸುರೀರಿ."

ಮೊದಮೊದಲು ಕಂದು ಬಣ್ಣದ ನೀರು ಬಂತು, ಬೆಲ್ಲದ ಚೂರು ಬಂದವು. ಬಹಳ ಹೊತ್ತಾದ ಮೇಲೆ ತಿಳಿನೀರು ಬಂತು. ಕೊನೆಗೆ ಹಾಲಿಲ್ಲದ ಗಟ್ಟಿ ಕಾಫಿಯನ್ನು ಅದೇ ಕೊಳವೆಯಲ್ಲಿ ಇಳಿಸಿದೆ. ಇಂಥ ಹೊತ್ತಿಗೆಂದು ಪೆಟ್ಟಿಗೆಯಲ್ಲಿದ್ದ ಸೂಜಿಮದ್ದನ್ನು ರಟ್ಟೆಗೆ ಚುಚ್ಚಿದೆ. ಆ ಕಾಲದಲ್ಲಿ ಅಫೀಮಿಗೆ ಎದುರು ನಿಲ್ಲುವ ಮದ್ದು ಅಂತ ಇರಲಿಲ್ಲ, ಇದ್ದದ್ದು ಇಷ್ಟೆ.

ಆದರೆ ಹೊಟ್ಟೆಯಿಂದ ತೆಗೆದದ್ದು ತೆಗೆದದ್ದಾಯಿತು, ರಕ್ತಕ್ಕೆ ಸೇರಿದ್ದನ್ನು ತೆಗೆಯುವವರು ಯಾರು? ಅಫೀಮು ಎದೆಯನ್ನು ನೇರವಾಗಿ ಹಿಡಿಯುವುದಿಲ್ಲ. ತಲೆಯಲ್ಲಿ ಉಸಿರಾಡು ಎಂದು ಹೇಳುವ ಜಾಗವೊಂದಿದೆ, ಅದನ್ನು ಮಲಗಿಸಿಬಿಡುತ್ತದೆ. ಮೈಗೆ ಉಸಿರಾಡುವುದು ಮರೆತುಹೋಗುತ್ತದೆ. ಹೃದಯ ಪಾಪ ಮೊದಲಿಗೆ ತನ್ನ ಪಾಡಿಗೆ ನಿಧಾನವಾಗಿ, ಗಟ್ಟಿಯಾಗಿಯೇ ಬಡಿಯುತ್ತಿರುತ್ತದೆ. ಒಳ್ಳೆಯ ಗಾಳಿ ಸಿಗದ ರಕ್ತ ಎಷ್ಟು ಹೊತ್ತು ಅದನ್ನು ಸಾಕೀತು? ಆಮೇಲೆ ನಾಡಿ ಸಣ್ಣಗಾಗುತ್ತದೆ, ತಪ್ಪುತ್ತದೆ, ನಿಲ್ಲುತ್ತದೆ. ನಾನು ಅವಳ ಮಣಿಕಟ್ಟು ಹಿಡಿದಿದ್ದಂತೆಯೇ ನಾಡಿ ತಪ್ಪತೊಡಗಿತು. ಉಸಿರು ನಿಂತಿತು.

ನಾಲಗೆ ಹಿಂದಕ್ಕೆ ಬಿದ್ದಿತ್ತು. ಬಟ್ಟೆಯಿಂದ ಹಿಡಿದು ಮುಂದಕ್ಕೆ ಎಳೆದು ಅಮೀನಾಬಿಯ ಕೈಗೆ ಕೊಟ್ಟೆ. "ಇದ ಬುಟ್ರೆ ಅವ್ಳು ಹೋದ್ಲು ಅಂತ ತಿಳ್ಕಳಿ" ಎಂದೆ. ಬೆನ್ನಡಿಗೆ ದುಪ್ಪಟಿ ಸುತ್ತಿಟ್ಟೆ. ತಲೆಯ ಹತ್ತಿರ ಮಂಡಿಯೂರಿ, ಅವಳ ಎರಡೂ ತೋಳು ಹಿಡಿದು ತಲೆಯ ಮೇಲಕ್ಕೆ ಎಳೆದೆ. ಎದೆ ಅರಳಿ ಗಾಳಿ ಒಳಗೆ ಹೋಯಿತು. ಮೊಣಕೈಗಳನ್ನು ತಂದು ಪಕ್ಕೆಗೆ ಒತ್ತಿದೆ. ಗಾಳಿ ಹೊರಗೆ ಬಂತು. ಮತ್ತೆ ಮೇಲಕ್ಕೆ, ಮತ್ತೆ ಪಕ್ಕೆಗೆ. ಹೊಳೆಯಲ್ಲಿ ಮುಳುಗಿದವರಿಗೆ ಹೀಗೆ ಮಾಡುತ್ತಿದ್ದ ಕಾಲ ಅದು. ಅವಳ ಪರವಾಗಿ ಉಸಿರಾಡುವುದು ಬಿಟ್ಟು ನನ್ನ ಕೈಲಿ ಬೇರೇನೂ ಉಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ನನ್ನ ರಟ್ಟೆ ಬಿದ್ದುಹೋದವು. ಮಾದಿ ನನ್ನನ್ನು ಪಕ್ಕಕ್ಕೆ ಸರಿಸಿ ಕೂತಳು. ಅವಳು ಜೋರಾಗಿ, ಬೇಗಬೇಗ ಮಾಡತೊಡಗಿದಳು.

"ನಿಧಾನ ಕಣವ್ವ. ನಿನ್ನ ಉಸುರು ಒಳಕ್ಕೋದಾಗ ಎತ್ತು, ಈಚ್ಗೆ ಬಂದಾಗ ಒತ್ತು."

"ಬೀಸೋ ಕಲ್ಲ್ ತಿರುಗ್ಸಿದಂಗೆ ಅನ್ನಿ" ಎಂದಳು ಮಾದಿ.

ಅಲ್ಲಿಂದ ಎಲ್ಲರಿಗೂ ಅರ್ಥವಾಯಿತು. ರಾಗಿ ಬೀಸುವಾಗ ಒಬ್ಬಳು ದಣಿದರೆ ಇನ್ನೊಬ್ಬಳು ಕಲ್ಲು ನಿಲ್ಲಿಸದೆ ಗೂಟಕ್ಕೆ ಕೈಹಾಕುತ್ತಾಳಲ್ಲ, ಹಾಗೆಯೇ ಒಬ್ಬರ ಕೈಯಿಂದ ಒಬ್ಬರಿಗೆ ಮೈಮೂನಾಳ ತೋಳು ದಾಟಿತು. ಮಾವುತರ ಹೆಂಡಂದಿರು, ಕುರುಬರ ಹೆಂಗಸರು, ನೀರು ಹೊರುವವಳು. ಒಬ್ಬಳು ಕಾಯಿಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಾಲಿಗಿಡುತ್ತಿದ್ದಳು. ಸುತ್ತ ಕೂತವರೆಲ್ಲ ಗೊತ್ತಿಲ್ಲದೆ ಅದೇ ಲಯಕ್ಕೆ ಉಸಿರಾಡತೊಡಗಿದ್ದರು. ಹೊಳೆಯ ಕಡೆಯಿಂದ ತಮಟೆ, ಕೂಗು, ಒಂದು ಆನೆಯ ಘೀಳು. ಅದು ಚಂಪಾಳದೇ ಎಂದು ಆಮೇಲೆ ಗೊತ್ತಾಯಿತು. ಅಫೀಮಿನ ಬದಲು ಮೆಂತ್ಯ ತಿಂದ ಆನೆ ಅಂದು ಪಟ್ಟು ಹಿಡಿದು ಖಾದರನನ್ನು ಗೋಳುಹೊಯ್ದುಕೊಂಡಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ತುಟಿಯ ನೀಲಿ ತಿಳಿಯಾಯಿತು. ಅವಳಾಗಿಯೇ ಒಂದು ಉಸಿರೆಳೆದಳು. ಕೈ ನಿಲ್ಲಿಸಿ ಕಾದೆವು. ಇನ್ನೊಂದು. ಮತ್ತೊಂದು. ಕಣ್ಣು ಬಿಟ್ಟು ಅತ್ತೆಯನ್ನು ನೋಡಿ, "ಪೂರ್ತಿ ತಿನ್ನಲಿಲ್ಲ" ಎಂದು ತೊದಲಿದಳು. ಅಷ್ಟೊತ್ತೂ ಅಳದಿದ್ದ ಅಮೀನಾಬಿ ಆಗ ಎದೆ ಬಡಿದುಕೊಂಡು ಅತ್ತಳು. ಹೆಂಗಸರು ನಕ್ಕರು, ಒಬ್ಬರನ್ನೊಬ್ಬರು ತಬ್ಬಿಕೊಂಡರು, ಒಲೆಯ ಕೆಲಸ ನೆನಪಾಗಿ ಕೆಲವರು ಎದ್ದರು.

"ಯಾರೂ ಹೋಗಕೂಡ್ದು" ಎಂದೆ. ಅಫೀಮು ನಂಬುವಂಥದ್ದಲ್ಲ. ಎದ್ದವರನ್ನು ಮತ್ತೆ ಕೆಳಗೆ ಎಳೆಯುತ್ತದೆ. ಎಣಿಸಿದ ಹಾಗೇ ಆಯಿತು. ಮಾತಾಡುತ್ತಿದ್ದವಳ ಕತ್ತು ವಾಲಿತು, ಉಸಿರಿನ ನಡುವಿನ ಬಿಡುವು ಮತ್ತೆ ಉದ್ದವಾಯಿತು. ಎದ್ದವರು ಬಂದು ಕೂತರು. ಮತ್ತೆ ತೋಳು ಮೇಲಕ್ಕೆ, ಮತ್ತೆ ಪಕ್ಕೆಗೆ. ಹೆಚ್ಚಿನವರು ಉಪವಾಸ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಗಂಟಲಿಗೆ ನೀರು ಹಾಕಿಕೊಳ್ಳಿ ಎಂದು ಗದರಿದೆ. ಯಾರೂ ಕೇಳಲಿಲ್ಲ.

ಹೊತ್ತು ಮುಳುಗುವಾಗ ಗಂಡಸರು ಬಂದರು. ಹಿಂಡು ಸಿಕ್ಕ ಸಂಭ್ರಮದಲ್ಲಿ ಕೂಗುತ್ತ ಬಂದವರು ಈ ಗುಂಪು ಕಂಡು ತಮಟೆ ಕೆಳಗಿಟ್ಟು ಹತ್ತಿರ ಬಂದರು. ಖಾದರನಿಗೆ ತಾಯಿ ಉಳಿದ ಅರ್ಧ ಉಂಡೆಯನ್ನು ತೋರಿಸಿದಳು. ಅವನು ಅದನ್ನು ನೋಡಿದ, ಹೆಂಡತಿಯನ್ನು ನೋಡಿದ. ತೋಳು ಹಿಡಿದಿದ್ದ ಹೆಂಗಸನ್ನು ಸರಿಸಿ ಕೂತ. ನಾನು ಲಯ ಹೇಳಿಕೊಟ್ಟೆ. ಆನೆಯನ್ನು ಆಡಿಸುವವನು ಆ ತೆಳ್ಳನೆಯ ತೋಳನ್ನು ಅಷ್ಟು ಮೆತ್ತಗೆ ಎತ್ತಿ ಇಳಿಸುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಮುಖ ತಿರುಗಿಸಿದೆ.

ರೋಜಾ ಬಿಡುವ ಹೊತ್ತಾಯಿತು. ಖರ್ಜೂರ ಹಂಚಿದರು. ಖಾದರ್ ಅದನ್ನು ಮುಟ್ಟಲಿಲ್ಲ. ಅಷ್ಟೊತ್ತಿಗೆ ಮೈಮೂನಾ ತಾನಾಗಿಯೇ ಉಸಿರಾಡುತ್ತಿದ್ದಳು. ಉಸಿರು ಸರಾಗ, ನಾಡಿ ತುಂಬಿ ಬಂದಿತ್ತು. ಅವನು ಮಾತ್ರ ಎತ್ತಿ ಒತ್ತುತ್ತಲೇ ಇದ್ದ.

"ಸಾಕು ಬುಡಪ್ಪ, ಅವ್ಳೇ ಉಸುರಾಡ್ತಾವ್ಳೆ" ಎಂದೆ.

"ನಾನ್ ಬುಟ್ರೆ ನಿಂತೋದ್ರೆ ಅಕ್ಕಾ?"

ಅವನ ಕೈಯನ್ನು ನಾನೇ ಬಿಡಿಸಿ, ಅಂಗೈಯನ್ನು ಅವಳ ಪಕ್ಕೆಯ ಮೇಲಿಟ್ಟೆ. ಎದೆ ತಾನಾಗಿ ಏಳುವುದು, ಇಳಿಯುವುದು ಅವನ ಕೈಗೆ ತಿಳಿಯಿತು. ಆಗ ಅತ್ತ. ಹೊಳೆ ದಾಟಿ ಬಂದ ಡಾಕ್ಟರು ಪರೀಕ್ಷೆ ಮಾಡಿ, ಇನ್ನು ಭಯವಿಲ್ಲ, ಆದರೂ ಬೆಳಗಿನವರೆಗೆ ಪಕ್ಕ ಬಿಡಬೇಡಿ ಎಂದರು. ಅವನು ಹಾಗೆಯೇ ಕೈಯಿಟ್ಟುಕೊಂಡು ಕೂತಿದ್ದ.

ಖೆಡ್ಡಾ ಮುಗಿಯಿತು. ಮಂಜು ಹೋಗಿ ಬಿದಿರಿನ ಎಲೆ ಉದುರುವ ಹೊತ್ತಿಗೆ ಡೇರೆ ಕಿತ್ತೆವು. ಖಾದರ್ ಆನೆಯ ಉಂಡೆಯನ್ನು ಮತ್ತೆಂದೂ ಮನೆಯೊಳಗೆ ತರಲಿಲ್ಲ. ತನ್ನ ಕಡಲೆಕಾಳಿನಷ್ಟು ಅಫೀಮನ್ನೂ ಆ ರಾತ್ರಿಯಿಂದಲೇ ಬಿಟ್ಟಿದ್ದ. ಬಿಟ್ಟ ಮೊದಲ ದಿನಗಳಲ್ಲಿ ಮೂಗು ಸೋರಿ, ಹೊಟ್ಟೆ ಕಿತ್ತು, ಚಳಿಯಲ್ಲಿ ನಡುಗಿ ನನ್ನ ಡೇರೆಯ ಮುಂದೆ ಮುದುಡಿ ಮಲಗಿರುತ್ತಿದ್ದ. ಮೈಮೂನಾ ತಪ್ಪಿದ ಆ ಒಂದು ಉಪವಾಸವನ್ನು ಹಬ್ಬ ಕಳೆದ ಮೇಲೆ ಹಿಡಿದಳು. ಅಮೀನಾಬಿ ಬದುಕಿರುವವರೆಗೆ ಆ ಮನೆಯಲ್ಲಿ ಮೆಂತ್ಯದ ಉಂಡೆ ಕಟ್ಟಲಿಲ್ಲ.

ಹುಣಸೂರಿನ ಬೀದಿಯಲ್ಲಿ ಯಾವಾಗ ಸಿಕ್ಕರೂ ಮೈಮೂನಾ ನನ್ನ ಕೈ ಹಿಡಿದು, ಸೆರಗಿನ ಮರೆಯಲ್ಲಿ ತನ್ನ ಪಕ್ಕೆಗೆ ಇಟ್ಟುಕೊಳ್ಳುತ್ತಿದ್ದಳು. "ನೋಡಕ್ಕಾ, ಆಡ್ತಾ ಐತೆ" ಎಂದು ನಗುತ್ತಿದ್ದಳು. ತಾಯಿಯಾದಾಗಲೂ ಹಾಗೆಯೇ, ಖಾದರ್ ತೀರಿಕೊಂಡಾಗ ಅಳುತ್ತಲೂ ಹಾಗೆಯೇ. ನಾವು ಇಬ್ಬರೂ ಮುದುಕಿಯರಾದೆವು. ಈಗ ಅಫೀಮಿನ ವಿಷಕ್ಕೆ ಒಂದು ಇಂಜೆಕ್ಷನ್ ಬಂದಿದೆಯಂತೆ, ಕೊಟ್ಟ ಸ್ವಲ್ಪ ಹೊತ್ತಿಗೇ ಉಸಿರು ಮರಳುತ್ತದಂತೆ, ಆದರೂ ಮತ್ತೆ ಮಲಗದಂತೆ ಕಾಯಬೇಕಂತೆ. ಪರಿಚಯದ ಡಾಕ್ಟರ ಹುಡುಗನೊಬ್ಬ ಹೇಳಿದ. ಒಳ್ಳೆಯದಾಯಿತು ಎಂದೆ. ನಿಜವಾಗಿಯೂ ಒಳ್ಳೆಯದಾಯಿತು.

ಹೋದ ವರ್ಷ ಅವಳ ಮಗಳು ಹೇಳಿಕಳಿಸಿದಳು. ಹೋದೆ. ಮೈಮೂನಾ ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು. ಮಾತು ನಿಂತಿತ್ತು. ನನ್ನನ್ನು ಗುರುತಿಸಿ ಕೈಗಾಗಿ ತಡಕಾಡಿದಳು. ನಾನೇ ಅಂಗೈಯನ್ನು ಅವಳ ಪಕ್ಕೆಯ ಮೇಲಿಟ್ಟೆ. ಆಡುತ್ತಿತ್ತು. ಬಹಳ ಹೊತ್ತು ಹಾಗೆಯೇ ಕೂತಿದ್ದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವಿನ ಬಿಡುವು ಉದ್ದವಾಗುತ್ತ ಹೋಯಿತು. ಆಮೇಲೆ ಕಾದೆ, ಇನ್ನೊಂದು ಬರಲಿಲ್ಲ.

ನನಗೆ ತಿಳಿಯುವ ಮೊದಲೇ ನನ್ನ ಕೈಗಳು ಅವಳ ಮೊಣಕೈ ಹಿಡಿದು ಮೇಲಕ್ಕೆತ್ತಿದ್ದವು. ಎತ್ತಿದೆ, ಒತ್ತಿದೆ. ಮಗಳು ಹಿಂದಿನಿಂದ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ಸಾಕು ಬುಡಿ ದೊಡ್ಡಮ್ಮ" ಎಂದಳು.